ಗಂಗವ್ವನ ಮಗಳ ಅಳತೆ

ಶಾಂತವ್ವನ ತಲೆಯ ಅಳತೆಯನ್ನು ನಾನು ಸುಳ್ಳು ಬರೆದೆ. ಒಮ್ಮೆ ಅಲ್ಲ — ಮೂರು ತಿಂಗಳು, ಮೂರು ಸಲ.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ನಾನು ಹೊಸ ನರ್ಸು. ಗಂಡು ಕೂಸಿನ ಮೆದುಳು ಬೆಳೆಯುವುದಕ್ಕೂ ಹೆಣ್ಣು ಕೂಸಿನದು ಬೆಳೆಯುವುದಕ್ಕೂ ಏನು ವ್ಯತ್ಯಾಸ ಎಂದು ನಮ್ಮ ಡಾಕ್ಟರರು ಲೇಖನ ಬರೆಯುತ್ತಿದ್ದರು. ತಿಂಗಳಿಗೊಮ್ಮೆ ಕೂಸುಗಳ ತಲೆಗೆ ಟೇಪು ಸುತ್ತಿ ಬರೆದಿಡುವುದು ನನ್ನ ಕೆಲಸ. ಅವರು ನೋಡುತ್ತಿದ್ದುದು ನನ್ನ ಬರಹವನ್ನಷ್ಟೇ. ಹೆಣ್ಣಿನ ತಲೆ ತುಸು ಸಣ್ಣದೇ ಬರಬೇಕು — ಅದು ಅವರಿಗೆ ಮೊದಲೇ ಗೊತ್ತಿತ್ತು. ಒಮ್ಮೆ ಹಾಗೆ ಬರದಿದ್ದಾಗ ಎಲ್ಲರೆದುರು, "ಟೇಪ್ ಹಿಡಿಯಾಕ ಬರಂಗಿಲ್ಲಂದ್ರ ಮನಿಗೆ ಹೋಗು" ಎಂದಿದ್ದರು. ನಾನು ಗಂಡ ಸತ್ತವಳು, ಹೋಗಲು ಮನೆ ಇರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ...

ಬೈರಿದೇವರಕೊಪ್ಪದ ಗಂಗವ್ವ ಐದು ತಿಂಗಳ ಮಗಳು ಶಾಂತವ್ವನನ್ನು ಎತ್ತಿಕೊಂಡು ಬಂದಳು. ಅಳೆದೆ. ಆ ವಯಸ್ಸಿನ ಎಲ್ಲ ಗಂಡು ಕೂಸುಗಳಿಗಿಂತ ಹೆಚ್ಚು ಬಂತು. ಮತ್ತೆ ಅಳೆದೆ — ಅಷ್ಟೇ ಬಂತು. ನನ್ನ ಕೈಯೇ ತಪ್ಪಿರಬೇಕೆಂದು ಒಂದು ಇಂಚು ಕಡಿಮೆ ಬರೆದೆ. ಮುಂದಿನ ತಿಂಗಳು ಒಂದು ಇಂಚಿಗಿಂತಲೂ ಹೆಚ್ಚು ಇಳಿಸಿ ಬರೆಯಬೇಕಾಯಿತು. ಆಗ ನನ್ನ ಕೈ ತಪ್ಪಿಲ್ಲವೆಂದು ಗೊತ್ತಿತ್ತು.

ಮೂರನೆಯ ಸಲ ಗಂಗವ್ವನೇ ಕೇಳಿದಳು: "ಅಕ್ಕಾರ, ಹೋದ ತಿಂಗಳ ಹೊಲಿಸಿದ ಕುಂಚಗಿ ಈಗ ತಲಿಗೆ ಹಿಡಿಯವಲ್ದು. ಏನರ ಆಗೈತೇನ್ರಿ?"

ಕೂಸಿನ ಕಣ್ಣುಗಳು ಕೆಳಕ್ಕೇ ಇಳಿದಿದ್ದವು, ಮೇಲೆ ನೋಡುತ್ತಿರಲಿಲ್ಲ. ಕಂಡೆ. ಕಂಡೂ — "ಏನೂ ಆಗಿಲ್ಲವ್ವಾ, ಛಲೋ ಬೆಳ್ಯಾಕತ್ತಾಳ" ಎಂದೆ.

ತಲೆಯೊಳಗೆ ನೀರು ತುಂಬುತ್ತಿತ್ತು. ಡಾಕ್ಟರರಿಗೆ ತಿಳಿಯುವ ಹೊತ್ತಿಗೆ ಕಣ್ಣು ಹೋಗಿತ್ತು. ವರ್ಷ ತುಂಬುವ ಮೊದಲೇ ಶಾಂತವ್ವನೂ ಹೋದಳು. ಆಗಲೇ ಹೇಳಿದ್ದರೂ ಆ ಕಾಲದಲ್ಲಿ ಉಳಿಯುತ್ತಿದ್ದಳೋ ಇಲ್ಲವೋ... ಈ ಪ್ರಶ್ನೆಯ ಹಿಂದೆ ಎಷ್ಟೋ ವರ್ಷ ಅವಿತುಕೊಂಡೆ. ಈಗಲೂ ಯಾರ ಕೂಸನ್ನು ಎತ್ತಿಕೊಂಡರೂ ನನ್ನ ಅಂಗೈ ತಾನಾಗಿ ಅದರ ನೆತ್ತಿಗೆ ಹೋಗುತ್ತದೆ. ಅಲ್ಲಿ ಶಾಂತವ್ವನ ಬಿಗಿದ ನೆತ್ತಿಯೇ ಕೈಗೆ ಹತ್ತುತ್ತದೆ.

ಅವಳು ಹೋದ ಎರಡು ವರ್ಷಕ್ಕೆ, ಎಲ್ಲ ಹೇಳಿಬಿಡಬೇಕೆಂದು ಬೈರಿದೇವರಕೊಪ್ಪಕ್ಕೆ ಹೋದೆ. ಗಂಗವ್ವ ಚಾಪೆ ಹಾಸಿ ನೀರು ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಇನ್ನೊಂದು ಹೆಣ್ಣು ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

"ಇಕೀನ್ನ ನೀವ ನೋಡ್ರಿ ಅಕ್ಕಾರ. ನನಗ ಬ್ಯಾರೆಯವರ ಮ್ಯಾಲೆ ನಂಬಿಕಿ ಇಲ್ಲ."

ನೋಡಿದೆ. ತಲೆ ಸರಿಯಾಗಿತ್ತು. ಸರಿಯಾಗಿದೆ ಎಂದು ಹೇಳಿದೆ. ಬೇರೇನೂ ಹೇಳದೆ ಎದ್ದು ಬಂದೆ.