ಮೂವತ್ತೇಳು ತಾಸು

ಆಗ ನನ್ನ ಮೊಮ್ಮಗಳು ನೀಲಾ ಶಾಲೆಗೆ ನಡೆದುಕೊಂಡು ಹೋಗುತ್ತಿದ್ದಳು. ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ. ಅಮೆರಿಕದಲ್ಲಿ ಮಕ್ಕಳು ನಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಒಂದು ಚಳಿಗಾಲ, ಒಂದು ವಸಂತ ನಾವಿಬ್ಬರೂ ದಿನಾ ನಡೆದಿದ್ದೇವೆ.

ಬಾಲ್ಯ ಅವಳದು. ಆದರೆ ಆರು ವರ್ಷದವಳಿಗೆ ಏನು ನೆನಪಿರುತ್ತದೆ? ನನಗೆ ಇದೆ, ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ ಮಾತ್ರ. ತಪ್ಪಿದ್ದ ಕಡೆ ಓದುವವರು ತಿದ್ದಿಕೊಳ್ಳಲಿ.

ಈ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ ಆಗಿತ್ತು. ನವಲಗುಂದದಿಂದ ನಾನು ಸ್ಯಾನ್ ಡಿಯೇಗೋಕ್ಕೆ ಮಗಳು ಸುಧಾಳ ಮನೆಗೆ ಡಿಸೆಂಬರಿನ ಕೊನೆಗೆ ಬಂದೆ. ವೀಸಾ ಒಮ್ಮೆ ಮುಂದಕ್ಕೆ ಹಾಕಿಸಿಕೊಂಡು ಒಂದು ವರ್ಷ ಇದ್ದೆ. ಅಳಿಯ ಪ್ರಕಾಶ ಬೆಂಗಳೂರಿನವರು, ಅದೇ ಊರಿನ ಕರ್ನಿ ಮೆಸಾದ ಒಂದು ಫೋನ್ ಕಂಪನಿಯಲ್ಲಿ ಇಂಜಿನಿಯರು. ಸುಧಾಗೂ ಕೆಲಸ. ಮನೆಯಲ್ಲಿ ಖಾಲಿ ಇದ್ದವಳು ನಾನೊಬ್ಬಳೇ. ಹಾಗಾಗಿ ಶಾಲೆಗೆ ಬಿಡುವುದು, ಕರೆತರುವುದು ನನ್ನ ಪಾಲಿಗೆ ಬಂತು.

ಶಾಲೆ ಎರಡು ಬೀದಿ ಆಚೆ. ಓಣಿಯ ಮಕ್ಕಳೆಲ್ಲ ಹೋಗುವ ಸರಕಾರಿ ಶಾಲೆ. ಬೆಳಿಗ್ಗೆ ಮಂಜು ಕವಿದಿರುತ್ತಿತ್ತು, ಗೇಟಿನ ಹತ್ತಿರದ ನೀಲಗಿರಿ ಮರದ ವಾಸನೆ ನೆಗಡಿಯ ಎಣ್ಣೆಯ ಹಾಗೆ ಮೂಗಿಗೆ ಹೊಡೆಯುತ್ತಿತ್ತು. ಮರದ ಕೆಳಗೊಂದು ಬೆಂಚು. ಮಧ್ಯಾಹ್ನ ಗಂಟೆ ಹೊಡೆಯುವ ಮೊದಲು ನಾನು ಅಲ್ಲಿ ಕೂತಿರುತ್ತಿದ್ದೆ, ನನ್ನ ಪಕ್ಕದಲ್ಲಿ ಮರಿಸೋಲಳ ಅಜ್ಜಿ. ಮರಿಸೋಲ್ ನೀಲಾಳ ಗೆಳತಿ, ಅವರ ಮನೆಯವರು ಮೆಕ್ಸಿಕೋ ಕಡೆಯವರು. ಆ ಅಜ್ಜಿಯ ಮುಂದೆ ತಳ್ಳುಗಾಡಿಯಲ್ಲಿ ಅವಳಿ ಕೂಸುಗಳು ಯಾವಾಗಲೂ. ಅವರಿಗೆ ಕನ್ನಡ ಬರದು, ನನಗೆ ಸ್ಪ್ಯಾನಿಶ್ ಬರದು, ಇಬ್ಬರಿಗೂ ಇಂಗ್ಲಿಷ್ ಬರದು. ನಾನು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದೆ. ಅವರು ಅವರ ಮೆತ್ತನೆಯ ರೊಟ್ಟಿಯಲ್ಲಿ ಹುರುಳಿಯಂಥ ಕಾಳು ಸುತ್ತಿ ಕೊಡುತ್ತಿದ್ದರು. ಖಾರದ ವಿಷಯದಲ್ಲಿ ಇಬ್ಬರಿಗೂ ತಕರಾರು ಇರಲಿಲ್ಲ.

ಅಪಾರ್ಟ್‌ಮೆಂಟಿನ ಗಿಡದ ಬುಡಕ್ಕೆ ಹಾಕಿದ್ದ ದುಂಡು ಕಲ್ಲುಗಳಲ್ಲಿ ಐದನ್ನು ಆರಿಸಿ ತಂದು ಹುಡುಗಿಯರಿಗೆ ಐದು ಕಲ್ಲಿನ ಆಟ ಕಲಿಸಿದೆ. ಮರಿಸೋಲ್ ಎರಡೇ ದಿನದಲ್ಲಿ ನನ್ನನ್ನೇ ಸೋಲಿಸಿದಳು. ನೀಲಾಗೆ ಕೈ ತಿರುಗುತ್ತಿರಲಿಲ್ಲ, ಸೋತರೆ ಅಳುತ್ತಿದ್ದಳು. ಅಳಲಿ ಅಂತ ಬಿಡುತ್ತಿದ್ದೆ.

ಶಾಲೆ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ವರ್ಷದ ನಡುವೆ ಅವರ ಟೀಚರು ಹೆರಿಗೆಗೆ ಹೋದರು. ಆಮೇಲೆ ತಿಂಗಳಿಗೊಬ್ಬರು ಬಂದರು. ಒಬ್ಬರಂತೂ ದಿನಾ ಬಣ್ಣ ತುಂಬುವ ಹಾಳೆ ಕೊಟ್ಟು ಕೂತುಬಿಡುತ್ತಿದ್ದರು. ಚೀಲ ತೆಗೆದರೆ ಬರೀ ಮೊಲ, ಬರೀ ಚಿಟ್ಟೆ. ನೀಲಾಗೆ ಇಂಗ್ಲಿಷ್ ಓದು ಹತ್ತಲಿಲ್ಲ. ಸುಧಾ ಚಿಂತೆಗೆ ಬಿದ್ದದ್ದು ಸುಳ್ಳಲ್ಲ.

ಸಂಕ್ರಾಂತಿಗೆ ಲಾಸ್ ಏಂಜಲಿಸ್ ಕಡೆಯಿಂದ, ಚಾಟ್ಸ್‌ವರ್ತ್ ಅನ್ನುವ ಕಡೆಯಿಂದ, ಸುಧಾಳ ಗೆಳತಿ ಶೈಲಾ ಬಂದಳು. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಲೇ ಕೇಳಿದಳು: "ಸುಧಾ, ಇನ್ನೂ ಆ ಪಬ್ಲಿಕ್ ಸ್ಕೂಲಲ್ಲೇ ಇಟ್ಟಿದೀಯಾ? ನಮ್ಮ ಕಡೆ ಎಲ್ಲಾ ಚಾರ್ಟರ್ ಸ್ಕೂಲಿಗೆ ಅಪ್ಲೈ ಮಾಡ್ತಾರಪ್ಪ."

ನಾನು ಕೇಳಿದೆ, "ಅದ್ಯಾರದವಾ ಸಾಲಿ? ಸರಕಾರದ್ದೋ, ಖಾಸಗೀದೋ?"

"ಎರಡೂ ಸರ್ಕಾರದ ದುಡ್ಡೇ ಆಂಟಿ. ಇದನ್ನ ನಡೆಸೋರು ಬೇರೆ, ರೂಲ್ಸ್ ಅವರದೇ. ಫೀಸಿಲ್ಲ. ತುಂಬಾ ಜನ ಬರ್ತಾರಲ್ಲ, ಅದಕ್ಕೆ ಲಾಟರಿ ಎತ್ತುತ್ತಾರೆ."

ಸರಕಾರದ ದುಡ್ಡಿನಲ್ಲಿ ಒಂದು ಶಾಲೆಗೆ ಟೀಚರು ಇಲ್ಲ, ಇನ್ನೊಂದಕ್ಕೆ ಚೀಟಿ ಎತ್ತಬೇಕು. ಇದೇನು ನ್ಯಾಯ ಅಂದೆ. ಶೈಲಾ ಕಬ್ಬಿನ ತುಂಡು ತೆಗೆದುಕೊಂಡಳು.

ಮರುವಾರ ಸುಧಾ ಅರ್ಜಿ ತಂದಳು. ಶಾಲೆ ಹೈವೇ ಆಚೆ, ಕಾರಿನಲ್ಲೇ ಹೋಗಬೇಕು. ಮರಿಸೋಲ್ ಬರದಿದ್ದರೆ ತಾನು ಹೋಗುವುದಿಲ್ಲ ಅಂತ ನೀಲಾ ನೆಲಕ್ಕೆ ಬಿದ್ದು ಹೊರಳಿದಳು. ನಾನು ಸುಧಾಗೆ ಇನ್ನೊಂದು ಅರ್ಜಿ ತರಲು ಹೇಳಿ, ಅದನ್ನು ಬೆಂಚಿನ ಮೇಲೆ ಮರಿಸೋಲಳ ಅಜ್ಜಿಯ ಕೈಗೆ ಕೊಟ್ಟೆ. ಅವರು ಮಡಚಿ ಕೂಸುಗಳ ಹಾಸಿಗೆ ಕೆಳಗೆ ಇಟ್ಟರು.

ಮಾರ್ಚಿನಲ್ಲಿ ಚೀಟಿ ಎತ್ತಿದರು. ಮರಿಸೋಲಳ ಹೆಸರು ಬಂತು. ನೀಲಾಳದು ಬರಲಿಲ್ಲ, ಆ ತರಗತಿಯ ಕಾಯುವ ಪಟ್ಟಿಯಲ್ಲಿ ಮೊದಲನೆಯವಳು ಅಂದರು. ಸುಧಾ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಮರಿಸೋಲಳಿಗೆ ಅರ್ಜಿ ಕೊಡಿಸಿದವಳು ನಾನಲ್ಲವೇ.

ಆಗಸ್ಟಿನಲ್ಲಿ ಶಾಲೆ ತೆರೆಯುವ ವಾರ ಫೋನು ಬಂತು. ಒಂದು ಸೀಟು ಖಾಲಿಯಾಗಿದೆ, ಬೇಕೇ? ಸುಧಾ ಫೋನು ಇಟ್ಟು ದೇವರ ಮುಂದೆ ದೀಪ ಹಚ್ಚಿದಳು. ಯಾರ ಸೀಟು ಖಾಲಿಯಾಯಿತು ಅಂತ ಅವಳು ಕೇಳಲಿಲ್ಲ. ನಾನೂ ಕೇಳಲಿಲ್ಲ. ನೀಲಾ ಒಬ್ಬಳೇ ಕೇಳಿದ್ದು: ಮರಿಸೋಲ್ ನನ್ನ ಕ್ಲಾಸಾ? ಹೌದೇ ಇರಬೇಕು ಅಂದೆವು. ಮೊದಲ ದಿನ ಹೋಗಿ ನೋಡಿದರೆ ಮರಿಸೋಲ್ ಇಲ್ಲ. ಊರು ಬಿಟ್ಟಿರಬೇಕು ಅಂದುಕೊಂಡೆವು.

ಸೇರಿಸುವಾಗ ಒಂದು ಕರಾರು ಪತ್ರಕ್ಕೆ ಸಹಿ ಮಾಡಬೇಕಿತ್ತು. ಪ್ರತಿ ಮನೆಯವರು ವರ್ಷಕ್ಕೆ ನಲವತ್ತು ತಾಸು ಶಾಲೆಯ ಕೆಲಸ ಮಾಡತಕ್ಕದ್ದು. ಪ್ರಕಾಶ ಓದದೆ ಸಹಿ ಹಾಕಿ, ಕೆಲಸ ಮಾಡುವವರ ಜಾಗದಲ್ಲಿ ನನ್ನ ಹೆಸರು ಬರೆದರು.

"ಅತ್ತೆ, ಅದು ಸುಮ್ನೆ ಫಾರ್ಮಾಲಿಟಿ. ಎಲ್ಲರೂ ಸೈನ್ ಮಾಡ್ತಾರೆ," ಅಂದರು.

ನಮ್ಮವರ ಅಭ್ಯಾಸವೇ ಇದು. ಸರಕಾರದ ಕಾಗದ ಅಂದರೆ ಮೊದಲು ಸಹಿ, ಆಮೇಲೆ ನೋಡೋಣ.

ಮಕ್ಕಳ ಹತ್ತಿರ ಕೆಲಸ ಮಾಡುವವರಿಗೆ ಟಿ.ಬಿ. ಇಲ್ಲ ಅಂತ ತೋರಿಸಬೇಕು ಅಂದರು. ಮುಂಗೈಗೆ ಸೂಜಿ ಚುಚ್ಚಿದರು. ಎರಡು ದಿನಕ್ಕೆ ಅಲ್ಲಿ ರೂಪಾಯಿಯಷ್ಟು ಅಗಲ ಕೆಂಪಗೆ ಊದಿಕೊಂಡಿತು. ನರ್ಸು ನೋಡಿ ಎದೆಯ ಎಕ್ಸ್‌ರೇ ತೆಗೆಸಿ ಅಂದಳು. ಸುಧಾ ಹೆದರಿದಳು. ನಮ್ಮ ಕಡೆ ಕ್ಷಯ ಅಂದರೆ ಗೊತ್ತಲ್ಲ, ಮೂರು ತಲೆಮಾರಿನ ಹಿಂದೆ ಯಾರಿಗೋ ಇತ್ತಂತೆ ಅಂದರೂ ಹೆಣ್ಣು ಕೊಡುತ್ತಿರಲಿಲ್ಲ. ಓದಿದವಳು, ದೊಡ್ಡ ಕೆಲಸದಲ್ಲಿದ್ದವಳು, ಆದರೂ ಆ ಹೆದರಿಕೆ ಸೂಟ್‌ಕೇಸಿನಲ್ಲಿ ಅವಳ ಜೊತೆಗೇ ಬಂದಿತ್ತು.

"ಅವ್ವಾ, ಯಾರ ಮುಂದೂ ಹೇಳಬ್ಯಾಡ. ಎಕ್ಸ್‌ರೇ ಅಂದ್ರ ರೆಕಾರ್ಡ್ ಆಗ್ತದ. ವೀಸಾಕ್ಕ ತ್ರಾಸ ಆದೀತು."

"ರೋಗ ಇದ್ರ ಎದ್ಯಾಗ ಇರ್ತದ, ಇಲ್ಲಂದ್ರ ಇಲ್ಲ. ಮುಚ್ಚಿಟ್ರ ಹೋಗ್ತದೇನ?"

ಅವಳು ಕೇಳಲಿಲ್ಲ. ನನ್ನ ತಟ್ಟೆ ಬೇರೆ, ಲೋಟ ಬೇರೆ ಆಯಿತು. ನೀಲಾ ನನ್ನ ಪಕ್ಕ ಮಲಗುವುದು ನಿಂತಿತು. ಐದು ವಾರ ಹೀಗೆ ಹೋಯಿತು. ಆಮೇಲೆ ಶಾಲೆಯಿಂದ ಪತ್ರ ಬಂತು: ನಿಮ್ಮ ಮನೆಯ ಲೆಕ್ಕದಲ್ಲಿ ಒಂದು ತಾಸೂ ಇಲ್ಲ, ಕರಾರು ಮುರಿದರೆ ಸೀಟಿನ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ. ಸುಧಾ ಅಡಿಗೆಮನೆಯಲ್ಲಿ ಕೂತು ಅತ್ತಳು. ನೀಲಾ ಆಗಷ್ಟೇ ಓದಲು ಶುರು ಮಾಡಿದ್ದಳು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ. ಆ ಶಾಲೆಯ ಟೀಚರು ಒಂದೊಂದು ಮಗುವಿನ ಪಕ್ಕ ಮೊಣಕಾಲೂರಿ ಕೂತು ಓದಿಸುತ್ತಿದ್ದರು. ರಟ್ಟಿನ ಪೆಟ್ಟಿಗೆಗೆ ಬೆಳ್ಳಿಹಾಳೆ ಅಂಟಿಸಿ ಬಿಸಿಲಿನಲ್ಲಿ ಬಿಸ್ಕತ್ತು ಬೇಯಿಸಿದ್ದರು. ನೀಲಾ ಮನೆಗೆ ಬಂದು ಮೂರು ದಿನ ಅದೇ ಮಾತು.

ಮರುದಿನ ಬೆಳಿಗ್ಗೆ ನೀಲಾಳನ್ನು ಬಿಡಲು ಹೊರಟ ಪ್ರಕಾಶರ ಕಾರಿನಲ್ಲಿ ನಾನೂ ಹತ್ತಿ ಕೂತೆ. ಅವರು ಪಾರ್ಕ್ ಮಾಡುವಷ್ಟರಲ್ಲಿ ನೀಲಾಳ ಕೈ ಹಿಡಿದು ಆಫೀಸಿಗೆ ಹೋದೆ. ಗೋಡೆಯ ಮೇಲೆ ಶೇಂಗಾದ ಚಿತ್ರ, ಅದರ ಮೇಲೆ ಕೆಂಪು ಗೀಟು. ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ, ಡಬ್ಬಿಯಲ್ಲಿ ಶೇಂಗಾ ತರಬಾರದಂತೆ. ಆಫೀಸಿನ ಹೆಂಗಸು ಫಿಲಿಪೀನ್ಸ್ ಕಡೆಯವಳು, ನನ್ನ ಮಗಳ ವಯಸ್ಸು. ನಾನು ರವಿಕೆಯ ತೋಳು ಮೇಲೆ ಸರಿಸಿ ಕಲೆ ತೋರಿಸಿದೆ.

ಅದು ಶಾಲೆ ಕೊಟ್ಟ ಕಲೆ. ನಾನು ನಾಲ್ಕನೆಯದರಲ್ಲಿದ್ದಾಗ ಜೀಪಿನಲ್ಲಿ ಬಂದು, ನಮ್ಮನ್ನು ಸಾಲಾಗಿ ನಿಲ್ಲಿಸಿ, ಕ್ಷಯ ಬರಬಾರದು ಅಂತ ಸೂಜಿ ಹಾಕಿದ್ದರು. ಮುಂದಿನ ಇಯತ್ತೆಯ ಶಾಲೆ ಬೇರೆ ಊರಲ್ಲಿ, ಮೂರು ಮೈಲು. ಹುಡುಗಿ ಅಷ್ಟು ದೂರ ನಡೆಯುವುದು ಬೇಡ ಅಂತ ಅಪ್ಪ ಬಿಡಿಸಿದ. ನಾನು ಬರೆಯುವ ಪಾಟಿ ತಮ್ಮನಿಗೆ ಹೋಯಿತು, ನನಗೆ ತೋಳಿನ ಈ ಗುಳಿ ಉಳಿಯಿತು.

ಇದನ್ನು ಹೇಳು ಅಂತ ನೀಲಾಗೆ ಅಂದೆ. ಅವಳು ಅರ್ಧ ನಾಚಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ನಕ್ಕು ತನ್ನ ತೋಳು ಮೇಲೆ ಮಾಡಿದಳು. ಅಂಥದೇ ಗುಳಿ. ಈ ಸೂಜಿ ಹಾಕಿಸಿಕೊಂಡವರಲ್ಲಿ ಬಹಳ ಜನರಿಗೆ ಆ ಪರೀಕ್ಷೆಯಲ್ಲಿ ಕೈ ಊದುತ್ತದೆ, ನನಗೂ ಊದಿತ್ತು, ಎಕ್ಸ್‌ರೇ ತೆಗೆಸಿ ಮುಗಿಸಿ ಅಂತ ವಿಳಾಸ ಬರೆದುಕೊಟ್ಟಳು. ತೆಗೆಸಿದೆವು. ಎದೆ ಶುಭ್ರ. ಸುಧಾ ಆ ದಿನವೇ ನನ್ನ ತಟ್ಟೆಯನ್ನು ಉಳಿದವುಗಳ ಜೊತೆ ಸೇರಿಸಿ ತೊಳೆದಳು.

ಆಮೇಲೆ ನನ್ನ ಕೆಲಸ ಶುರು. ವಾರಕ್ಕೆ ಎರಡು ದಿನ ಆಫೀಸಿನ ಹಿಂದಿನ ಕೋಣೆಯಲ್ಲಿ ಕೂತು ಬಣ್ಣದ ಕಾಗದದಲ್ಲಿ ಅಕ್ಷರ ಕತ್ತರಿಸುವುದು. ಓದಲು ಬರದ ಅಕ್ಷರವನ್ನು ನಾನು ಅಚ್ಚುಕಟ್ಟಾಗಿ ಕತ್ತರಿಸುತ್ತಿದ್ದೆ. ಮುಗಿದ ಮೇಲೆ ಆ ಹೆಂಗಸು ಪುಸ್ತಕದಲ್ಲಿ ತಾಸು ಬರೆದುಕೊಳ್ಳುತ್ತಿದ್ದಳು. ಕಿಟಕಿಯಿಂದ ಊಟದ ಮೇಜು ಕಾಣುತ್ತಿತ್ತು. ನೀಲಾ ತುದಿಯಲ್ಲಿ ಒಬ್ಬಳೇ ಕೂತು ಡಬ್ಬಿ ಅರ್ಧ ತೆರೆದು ಮುಚ್ಚುತ್ತಿದ್ದಳು.

ಡಿಸೆಂಬರ್ ಹೊತ್ತಿಗೆ ಮೂವತ್ತೇಳು ತಾಸು ಆಗಿತ್ತು. ಒಂದು ಶನಿವಾರ ನೀಲಾಳನ್ನು ಕರೆದುಕೊಂಡು ಅಂಗಡಿಗೆ ಕೊತ್ತಂಬರಿ ತರಲು ಹೋದಾಗ ಅದೇ ಅವಳಿ ಕೂಸುಗಳ ತಳ್ಳುಗಾಡಿ ಕಂಡಿತು. ಮರಿಸೋಲಳ ಅಜ್ಜಿ, ಜೊತೆಗೆ ಮರಿಸೋಲ್. ಊರು ಬಿಟ್ಟಿರಲಿಲ್ಲ, ಅದೇ ಓಣಿ, ಅದೇ ಶಾಲೆ; ಕಾರಿನಲ್ಲಿ ಓಡಾಡುವ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಹುಡುಗಿಯರು ಮಾತ್ರ ಅಪರಿಚಿತರ ಹಾಗೆ ನಿಂತರು. ನೀನು ಆ ಶಾಲೆಗೆ ಯಾಕೆ ಬರಲಿಲ್ಲ ಅಂತ ಕೇಳಲು ನೀಲಾಗೆ ಹೇಳಿದೆ. ಮರಿಸೋಲ್ ನೆಲ ನೋಡುತ್ತ ಏನೋ ಹೇಳಿದಳು.

"ಅಜ್ಜಿ, ಅವಳ ಮಮ್ಮಿಗೆ ಎರಡು ಜಾಬ್ ಅಂತೆ," ಅಂದಳು ನೀಲಾ. "ಅಜ್ಜಿಗೆ ಬೇಬೀಸ್. ಫಾರ್ಟಿ ಅವರ್ಸ್ ಕೊಡೋಕೆ ಆಗಲ್ಲ ಅಂತ ಸ್ಕೂಲಿಗೆ ನೋ ಹೇಳಿದ್ರಂತೆ. ಶಿ ಸೇಸ್ ಐ ಗಾಟ್ ಹರ್ ಸೀಟ್."

ಕೊತ್ತಂಬರಿ ಕೈಯಲ್ಲೇ ಇತ್ತು. ಅದನ್ನು ಅಲ್ಲೇ ಇಟ್ಟು ಬಂದೆನೋ ತಂದೆನೋ ನೆನಪಿಲ್ಲ.

ಸೋಮವಾರ ಶಾಲೆಗೆ ಹೋದಾಗ ನೀಲಾಳನ್ನು ಮತ್ತೆ ಆಫೀಸಿಗೆ ಕರೆದುಕೊಂಡು ಹೋದೆ. ಆ ಹುಡುಗಿಯ ನಲವತ್ತು ತಾಸೂ ನಾನೇ ಮಾಡುತ್ತೇನೆ, ನನ್ನ ಕೈ ಗಟ್ಟಿಯಿದೆ, ವೀಸಾ ಮುಗಿಯುವ ಮೊದಲು ಆಗದಿದ್ದರೆ ಕಾಗದ ಊರಿಗೆ ಒಯ್ದು ಕತ್ತರಿಸುತ್ತೇನೆ ಅಂದೆ. ಆ ಹೆಂಗಸಿನ ನಗು ಹೋಯಿತು. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದಳು, ನೀಲಾ ಅದನ್ನು ನನಗೆ ಕನ್ನಡದಲ್ಲಿ ತಿಳಿಸಿದಳು. ತಾಸು ಮಾಡದಿದ್ದರೆ ಇಲ್ಲಿ ಯಾವ ಮಗುವನ್ನೂ ತೆಗೆಯುವುದಿಲ್ಲ. ಕಾನೂನಿನ ಪ್ರಕಾರ ತೆಗೆಯಲು ಬರುವುದೂ ಇಲ್ಲ. ಅದು ಸುಮ್ಮನೆ ಪತ್ರದಲ್ಲಿ ಹಾಗೆ ಬರೆಯುತ್ತಾರೆ.

"ಹಂಗಾದ್ರ ಆಕೀ ತಾಯಿಗೆ ಅದನ್ನ ಯಾರೂ ಯಾಕ ಹೇಳ್ಲಿಲ್ಲ?" ಅಂದೆ.

ನೀಲಾ ಕೇಳಿದಳು. ಆ ಹೆಂಗಸು ಪುಸ್ತಕ ಸರಿಮಾಡಿದಳು. ಈಗ ತರಗತಿ ತುಂಬಿದೆ, ಮಾರ್ಚಿನ ಲಾಟರಿಗೆ ಮತ್ತೆ ಹೆಸರು ಕೊಡಬಹುದು ಅಂದಳು.

ನಮ್ಮ ಪ್ರಕಾಶರು ಓದದೆ ಸಹಿ ಮಾಡಿ ಸೀಟು ಉಳಿಸಿಕೊಂಡರು. ಆ ತಾಯಿ ಓದಿ, ಬರೆದದ್ದನ್ನು ನಿಜ ಅಂತ ನಂಬಿ, ಆಗದ್ದನ್ನು ಆಗದು ಅಂದಳು, ಮಗಳ ಸೀಟು ಕಳೆದುಕೊಂಡಳು. ಮನೆಗೆ ಬಂದು ಇದನ್ನು ಹೇಳಿದರೆ ಸುಧಾ, "ನಾವೇನು ಕಸಗೊಂಡೇವೇನವ್ವಾ?" ಅಂದಳು. ಇಲ್ಲ. ಆದರೆ ಅವಳೂ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮಾರ್ಚಿಗೆ ಮರಿಸೋಲಳ ಮನೆಗೆ ಅರ್ಜಿ ಕೊಟ್ಟು ಬಾ, ತಾಸಿನ ವಿಷಯ ಹೇಳಿ ಬಾ ಅಂತ ಅವಳಿಗೆ ಹೇಳಿ ನಾನು ಆ ತಿಂಗಳ ಕೊನೆಗೆ ಊರಿಗೆ ಬಂದೆ. ಅವಳು ಹೋದಳಂತೆ. ಮರಿಸೋಲಳ ಹೆಸರು ಎರಡನೇ ಸಲ ಚೀಟಿಯಲ್ಲಿ ಬರಲಿಲ್ಲ.

ಆಮೇಲೆ ಸುಧಾ, ಪ್ರಕಾಶ ಮನೆ ಬದಲಿಸಿದರು, ಕಾರಿನಲ್ಲೇ ಹೋಗುವ ಕಡೆಗೆ. ನಾನು ಮುಂದೆ ಎರಡು ಸಲ ಹೋದೆ, ಶಾಲೆಯ ಗೇಟಿನಲ್ಲಿ ಯಾರ ಅಜ್ಜಿಯೂ ಕೂರುವುದಿಲ್ಲ. ಕಾರುಗಳು ಸಾಲಾಗಿ ಬರುತ್ತವೆ, ಬಾಗಿಲು ತೆರೆಯುತ್ತದೆ, ಮಗು ಒಳಗೆ. ಆ ಬೆಂಚಿನ ಮೇಲೆ ತಿಂದ ರೊಟ್ಟಿಯ ಹೆಸರು ಕೂಡ ನಾನು ಸರಿಯಾಗಿ ಕೇಳಿಕೊಂಡಿರಲಿಲ್ಲ. ಐದು ಕಲ್ಲು ಮರಿಸೋಲಳ ಹತ್ತಿರವೇ ಉಳಿದವು. ಅವಳು ಗೆದ್ದಿದ್ದಳು, ಅವಳವೇ.

ನೀಲಾ ಈಗ ಇಂಜಿನಿಯರು. ಬಿಸಿಲಿನಲ್ಲಿ ಬೇಯಿಸಿದ ಬಿಸ್ಕತ್ತಿನಿಂದಲೇ ತನಗೆ ಈ ಹುಚ್ಚು ಹತ್ತಿದ್ದು ಅನ್ನುತ್ತಾಳೆ. ಇರಬಹುದು. ಆ ಶಾಲೆಯಲ್ಲಿ ನಮ್ಮಜ್ಜಿ ನಲವತ್ತು ತಾಸು ಕೆಲಸ ಮಾಡಿದ್ದಾರೆ ಅಂತ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳುತ್ತಾಳೆ. ಮೂವತ್ತೇಳು ಅಂತ ನಾನು ಪ್ರತಿ ಸಲ ತಿದ್ದುತ್ತೇನೆ. ಆ ಸೋಮವಾರ ಕತ್ತರಿಯನ್ನು ಡಬ್ಬಿಯಲ್ಲಿ ಹಾಕಿ ಬಂದವಳು ಮತ್ತೆ ಹೋಗಲಿಲ್ಲ. ಶಾಲೆಯವರು ಆ ಮೂರು ತಾಸು ಎಲ್ಲಿ ಅಂತ ಯಾವತ್ತೂ ಕೇಳಲಿಲ್ಲ. ನೀಲಾನೂ ಕೇಳಿಲ್ಲ. ಮರಿಸೋಲ್ ಅಂದರೆ ಯಾರು ಅಂತ ಹೋದ ವರ್ಷ ಫೋನಿನಲ್ಲಿ ಕೇಳಿದಳು.