ನೇತ್ರಾವತಿ ಟೀಚರ್ ಕೊಟ್ಟ ಮಾತು

ವಿನೋಬನಗರದ ನೇತ್ರಾವತಿ ಟೀಚರ್‌ಗೆ ಸಿಟ್ಟು ಬಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತದೆ. ಈಗ ಎರಡು ತಿಂಗಳಿಂದ ಅದು ಕೆಂಪಾಗಿಯೇ ಇದೆ.

ಒಂಬತ್ತು ವರ್ಷ ಆಕೆ, ಕಡಲಾಚೆಯ ಒಂದು ಸಿರಿವಂತ ದೇಶದ ದುಡ್ಡಿನಲ್ಲಿ, ಬಡವರ ಮನೆ ಹುಡುಗಿಯರಿಗೆ ಸಂಜೆ ಇಂಗ್ಲಿಷ್ ಕಲಿಸಿದರು. ಎರಡು ವರ್ಷದ ಪಾಠ, ಪುಕ್ಕಟೆ. ಕೊನೆಗೆ ಆ ದೇಶದ ಮುದ್ರೆಯಿರುವ ಸರ್ಟಿಫಿಕೇಟು. ನಮ್ಮ ಜನರ ಮನಸ್ಸು ಗೆಲ್ಲಲು ಆ ದೇಶ ಹೂಡಿದ ಉಪಾಯ ಅದು. ಯಾವ ರಾಯಭಾರಿ ಬಂದು ವಿನೋಬನಗರದ ಓಣಿ ತಿರುಗಿದ್ದ? ಮನೆ ಮನೆಗೆ ಹೋಗಿ, ಕೊಟ್ಟ ಚಾ ಕುಡಿದು, ತಾಯಂದಿರನ್ನು ಒಪ್ಪಿಸಿದ್ದು ಈಕೆ. ಸವೆದದ್ದು ಈಕೆಯ ಚಪ್ಪಲಿ.

ಹೋದ ವರ್ಷ ರುಕ್ಸಾನಾಳ ಮನೆಗೂ ಹಾಗೇ ಹೋಗಿದ್ದರು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ರುಕ್ಸಾನಾ, ಪಿಯುಸಿ ಮುಗಿಸಿದ ಮಗಳು ಮಾಸೂಮಾಗೆ ಹರಿಹರದ ಗಂಡು ಗೊತ್ತುಮಾಡಿದ್ದಳು.

"ಎರಡು ವರ್ಷ ತಡೀರಿ. ಆ ಸರ್ಟಿಫಿಕೇಟು ಬಂದ್ರೆ ಆಸ್ಪತ್ರೆ ರಿಸೆಪ್ಷನ್ನಲ್ಲಿ ಕೆಲಸ ಐತೆ. ನನ್ನ ಮಾತು ನಂಬ್ರಿ," ಎಂದಿದ್ದರು ಟೀಚರ್. ರುಕ್ಸಾನಾ ನಂಬಿದಳು. ಬೀಗರ ಕೈಕಾಲು ಹಿಡಿದು ಮದುವೆ ಮುಂದಕ್ಕೆ ಹಾಕಿಸಿದಳು.

ಈ ವರ್ಷ, ಪಾಠ ಅರ್ಧಕ್ಕೆ ಬಂದಾಗ, ನಾಲ್ಕು ಸಾಲಿನ ಇಮೇಲು ಬಂತು. ಜಗತ್ತೆಲ್ಲ ಒಂದೇ ಮನೆ ಎಂದು ಭಾಷಣ ಬಿಗಿದವರು, ಸುಂಕ ಏರಿಸಿ, ವೀಸಾ ಬಿಗಿಮಾಡಿ, ಈಗ ಈ ಪಾಠಕ್ಕೂ ಬೀಗ ಜಡಿದಿದ್ದರು. ಸರ್ಟಿಫಿಕೇಟು ಇಲ್ಲ. ಪಾಠದ ಕೋಣೆಯ ಬಾಗಿಲಿಗಿದ್ದ ಆ ದೇಶದ ಬೋರ್ಡು ಇಳಿಸಿ ಫೋಟೋ ಕಳಿಸಬೇಕಂತೆ!

ವಾರದ ಮೇಲೆ ಆ ದೇಶದವರ ಬೆಂಗಳೂರಿನ ಕಚೇರಿಯಿಂದ ಅಂಜನ್ ಕುಮಾರ್ ಎಂಬಾತ ಫೋನ್ ಮಾಡಿದ. "ಮೇಡಂ, ಬೋರ್ಡ್ ಫೋಟೋ ಇನ್ನೂ ಬಂದಿಲ್ಲ."

"ಬೋರ್ಡ್ ಇಳಿಸ್ತೀನ್ರಿ. ಇಪ್ಪತ್ತು ಮನೇಲಿ ಮಾತು ಕೊಟ್ಟೀನಲ್ಲ, ಅದಕ್ಕೇನ್ ಮಾಡ್ಲಿ? ನೀವೇ ಬಂದು ಆ ತಾಯಂದಿರ ಮುಂದೆ ಕೂತು ಹೇಳ್ರಿ."

"ಅದು ನಮ್ಮ ಕೈಯಲ್ಲಿಲ್ಲ ಮೇಡಂ."

"ನಾಚ್ಕೆ ಆಗ್ಬೇಕು ನಿಮಗೆ!" ಟೀಚರ್ ಫೋನ್ ಕುಕ್ಕಿದರು.

ಕೊನೆಗೆ ಹೇಳಲು ಹೋದದ್ದು ಅವರೇ. ಭಟ್ಟಿಯಿಂದ ಆಗಷ್ಟೇ ಬಂದಿದ್ದ ರುಕ್ಸಾನಾ ಎಲ್ಲ ಕೇಳಿಸಿಕೊಂಡಳು. ಉಳಿದ ಪಾಠ ನಾನೇ ಮಾಡುತ್ತೇನೆ ಎಂದರು ಟೀಚರ್. ಮೋಸ ಮಾಡಿದ್ದು ಆ ದೇಶ ಎಂದು ಹಲ್ಲು ಕಡಿದರು.

"ಆ ದೇಶ ನಾನೆಲ್ಲಿ ನೋಡೀನ್ರಿ?" ಎಂದಳು ರುಕ್ಸಾನಾ, ದನಿ ಏರಿಸದೆ. "ನಿಮ್ಮ ಮುಖ ನೋಡಿ ಕಳಿಸಿದ್ದೆ. ಸರ್ಟಿಫಿಕೇಟು ಇಲ್ಲಂದ್ರೆ ಹರಿಹರದೋರು ಇನ್ನ ತಡಿಯಲ್ಲ. ಮುಂದಿನ ತಿಂಗಳಿಗೆ ಹೂಂ ಅಂತೀನಿ."

ಬೈಯಲು ಟೀಚರ್ ಬಾಯಲ್ಲಿ ಒಂದು ರಾಶಿ ಮಾತಿತ್ತು. ಬೈಸಿಕೊಳ್ಳಬೇಕಾದವರು ಯಾರೂ ಆ ಮನೆಯಲ್ಲಿರಲಿಲ್ಲ.

ಮಾಸೂಮಾ ಚಾ ತಂದಿಟ್ಟಳು. "ಪ್ಲೀಸ್ ಹ್ಯಾವ್ ಟೀ, ಟೀಚರ್," ಎಂದಳು. ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಅವರೇ ಕಲಿಸಿದ್ದ ಮೊದಲ ಪಾಠ ಅದು.