ಅಬ್ಬನ ಪದದ ಕಡೆಯ ನುಡಿ

ಯಾರಾದರೂ ‘ಜಾನಪದ’ ಅಂದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಹಾಡು ಬೀದಿಯಲ್ಲಿ ಬಿದ್ದಿತ್ತು, ಎತ್ತಿಕೊಂಡೆವು ಅನ್ನುವುದಕ್ಕೆ ಸಂಗೀತ ಕಂಪನಿಯವರು ಇಟ್ಟುಕೊಂಡ ಮರ್ಯಾದೆಯ ಹೆಸರು ಅದು. ನಮ್ಮ ಅಬ್ಬನ ಪದಕ್ಕೂ ಅದನ್ನೇ ಅಂಟಿಸಿದರು. ಆಗ ಅಬ್ಬ ಗೋವಾದ ಚಿಂಬಲ್‌ನ ನಮ್ಮ ಖೋಲಿಯ ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ.

ಅಬ್ಬ ಗೌಂಡಿ. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು ಮಂದಿಯ ಬಂಗಲೆಗಳಿಗೆ ಗೋಡೆ ಎಬ್ಬಿಸುತ್ತಲೇ ಮುದುಕನಾದ. ಊರಲ್ಲಿದ್ದಾಗ ಮೊಹರಂ ಹಬ್ಬಕ್ಕೆ ರಿವಾಯತ್ ಪದ ಹಾಡುವ ಮೇಳದಲ್ಲಿದ್ದ. ಇಲ್ಲಿಗೆ ಬಂದ ಮೇಲೆ ನಮ್ಮ ಕಡೆಯ ಕೂಲಿಯವರನ್ನೇ ಸೇರಿಸಿ ಒಂದು ಮೇಳ ಮಾಡಿದ. ಹಾಡುವುದಷ್ಟೇ ಅಲ್ಲ, ಪದವನ್ನೂ ಕಟ್ಟುತ್ತಾನೆ. ಕರ್ಬಲಾದಲ್ಲಿ ಹನಿ ನೀರಿಗಾಗಿ ಒದ್ದಾಡಿದ ಮಕ್ಕಳ ಮೇಲೆ ಅವನದೊಂದು ಪದವಿದೆ, ಐದು ನುಡಿಯದ್ದು, ಅಂದರೆ ಐದು ಚರಣದ್ದು. ಮೂರನೇ ಮಾಳಿಗೆಯ ಬಿಸಿಲಿನಲ್ಲಿ, ಕುಡಿಯುವ ನೀರು ಕೆಳಗೆಲ್ಲೋ ಉಳಿದ ಒಂದು ಮಧ್ಯಾಹ್ನ ಅದು ಹುಟ್ಟಿತಂತೆ.

ಅವರ ಮೇಳದಲ್ಲಿ ಒಂದು ರೀತಿಯಿದೆ. ಪದ ಕಟ್ಟಿದವನು ಕಡೆಯ ನುಡಿಯಲ್ಲಿ ತನ್ನ ಹೆಸರು ಹಾಕಿಕೊಳ್ಳುವಂತಿಲ್ಲ. ತನಗೆ ಕಲಿಸಿದ ಉಸ್ತಾದನ ಹೆಸರು ಹಾಕಬೇಕು, ಉಸ್ತಾದನ ಊರು ಹಾಕಬೇಕು. ಆ ಒಂದು ನುಡಿ ಇದ್ದರೆ ಪದವನ್ನು ಯಾವ ಊರಿನವರು ಬೇಕಾದರೂ ಹಾಡಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಅದನ್ನು ಬಿಟ್ಟು ಹಾಡಿದವನನ್ನು ಮಾತ್ರ ನಡುವೆಯೇ ನಿಲ್ಲಿಸಿ ಉಗಿಯುತ್ತಾರೆ.

ಅಬ್ಬನ ಮಗಳು ನಾನು, ಪಣಜಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಂಪ್ಯೂಟರ್ ಬರುತ್ತದೆ ಅನ್ನುವ ಜಂಬ ಬೇರೆ. ಸಿಮೆಂಟಿನ ಧೂಳು ಎದೆಗಿಳಿದು ಅಬ್ಬನಿಗೆ ಕೆಮ್ಮು ಹತ್ತಿದ ವರ್ಷ, ದನಿ ಪೂರ್ತಿ ಹೋಗುವ ಮೊದಲು ಇರಲಿ ಎಂದು ಆ ಪದವನ್ನು ಮೊಬೈಲಿನಲ್ಲಿ ಹಿಡಿದೆ. ಇಂಟರ್‌ನೆಟ್ಟಿಗೆ ಹಾಕುವಾಗ ಯಾವ ಪರವಾನಗಿ ಬೇಕು ಎಂದು ಕೇಳಿತು. ಒಂದರಲ್ಲಿ ಹೀಗಿತ್ತು: ಯಾರಾದರೂ ಹಂಚಬಹುದು, ಬದಲಿಸಬಹುದು, ದುಡ್ಡನ್ನೂ ಮಾಡಿಕೊಳ್ಳಬಹುದು, ಯಾರದೆಂದು ಹೆಸರು ಹೇಳಿದರೆ ಸಾಕು. ಓದಿ ನನಗೆ ಖುಷಿಯೋ ಖುಷಿ. ಇದು ನಮ್ಮ ಮೇಳದ ರೀತಿಯೇ ಅಲ್ಲವೇ! ಟಿಕ್ ಹಾಕಿದೆ. ಇನ್ನು ಅಲ್ಲಿ ಭದ್ರ ಎಂದುಕೊಂಡು, ಮೆಮರಿ ತುಂಬಿದ ಮೊಬೈಲಿನಿಂದ ಅಳಿಸಿಯೂ ಬಿಟ್ಟೆ.

ಅದಾಗಿ ಎರಡು ವರ್ಷ ಆಗಿರಬೇಕು. ಅಂಗಡಿಗೆ ಕಾಗದ ತರಲು ಮಡಗಾಂವ್‌ಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಪಕ್ಕದ ಹುಡುಗಿಯ ಮೊಬೈಲಿನಿಂದ ಅಬ್ಬನ ದನಿ! ಅಡಿಯಲ್ಲಿ ಡಬಡಬ ಬೀಟು. ಬಗ್ಗಿ ನೋಡಿದರೆ ಯಾವುದೋ ಸಂಗೀತ ಕಂಪನಿಯ ವಿಡಿಯೊ. ಈಜುಕೊಳದ ಪಕ್ಕ ಬಿಯರ್ ಬಾಟಲಿ ಹಿಡಿದು ಗಂಡು ಹೆಣ್ಣು ಕುಣಿಯುತ್ತಿದ್ದಾರೆ, ಅಬ್ಬ ನೀರು ನೀರು ಎಂದು ಅಳುತ್ತಿದ್ದಾನೆ. ನಾಲ್ಕು ನುಡಿಗೆ ಹಾಡು ಮುಗಿಯಿತು. ಕಡೆಯದು ಇಲ್ಲವೇ ಇಲ್ಲ. ಕೆಳಗೆ ‘ರಚನೆ: ಜಾನಪದ, ಹಕ್ಕು: ಕಂಪನಿಯದು’. ನನ್ನ ಬಾಯಿಂದ ಹೊರಟ ಬೈಗುಳ ತನಗೇ ಎಂದುಕೊಂಡು ಆ ಹುಡುಗಿ ಎದ್ದು ಬೇರೆ ಸೀಟಿಗೆ ಹೋದಳು.

ಮನೆಗೆ ಬಂದು ಹುಡುಕಿದರೆ ನಾನು ಹಾಕಿದ್ದ ಹಾಡೇ ಅಲ್ಲಿಲ್ಲ. ಬೇರೆಯವರ ಹಕ್ಕಿನ ಹಾಡು, ದೂರು ಬಂದಿದೆ, ತೆಗೆದಿದ್ದೇವೆ ಎಂದು ಬರೆದಿತ್ತು. ಕಳ್ಳ ಮನೆಯೊಳಗೆ ಹೊಕ್ಕು ಚಿಲಕ ಹಾಕಿಕೊಂಡು, ಹೊರಗೆ ನಿಂತ ನಮ್ಮನ್ನೇ ಯಾರು ನೀವು ಎಂದು ಕೇಳಿದ ಹಾಗಾಯಿತು. ಅಬ್ಬನ ದನಿ ಅಷ್ಟು ಹೊತ್ತಿಗೆ ಬರೀ ಉಸಿರಾಗಿತ್ತು. ಪೂರ್ತಿ ದನಿಯ ಐದು ನುಡಿ ಇದ್ದದ್ದು ಅದೊಂದರಲ್ಲಿ ಮಾತ್ರ.

ಇದು ನಮ್ಮ ಅಬ್ಬ ಕಟ್ಟಿದ ಪದ ಎಂದು ತಕರಾರು ಹಾಕಿದೆ. ಕಂಪನಿಯ ಉತ್ತರ ಬಂತು: ಹಾಡಿನ ಕೊನೆಗೆ ಬೇರೊಬ್ಬರ ಹೆಸರಿದೆ, ಆದ್ದರಿಂದ ಇದು ನಿಮ್ಮ ತಂದೆಯ ರಚನೆ ಅಲ್ಲ. ತಾವೇ ಕತ್ತರಿಸಿ ಎಸೆದ ನುಡಿಯನ್ನು ಎತ್ತಿ ತಂದು ನಮ್ಮ ಮುಖಕ್ಕೆ ಹಿಡಿದರು! ಅಲ್ಲ, ಒಂದಿಷ್ಟಾದರೂ ನಾಚಿಕೆ ಬೇಡವೇ? ಕತ್ತರಿಸುವಾಗ ಕಾಣದ ಉಸ್ತಾದ ಜಗಳಕ್ಕೆ ನಿಂತಾಗ ಕಂಡನೇ? ಉಸ್ತಾದ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಕಟ್ಟಿದ ಪದ ಅದು. ನಾಲ್ಕು ದಿನ ನನಗೆ ಅನ್ನ ರುಚಿಸಲಿಲ್ಲ.

ನಮ್ಮ ಅಂಗಡಿಗೆ ಬರುವ ವಕೀಲರೊಬ್ಬರು ಒಂದು ಹೇಳಿಕೆ ಬರೆದುಕೊಟ್ಟರು. ಅಬ್ಬ ಸಹಿ ಮಾಡಿದರೆ ಆಯಿತು. ‘ಈ ಹಾಡನ್ನು ನಾನೊಬ್ಬನೇ ರಚಿಸಿದ್ದೇನೆ. ಹಾಡಿನಲ್ಲಿ ಹೆಸರಿರುವ ವ್ಯಕ್ತಿಗೂ ಇದಕ್ಕೂ ಯಾವುದೇ ಸಂಬಂಧವಿಲ್ಲ.’ ಅಬ್ಬ ಎರಡು ಸಲ ಓದಿಸಿ ಕೇಳಿದ.

“ಸಂಬಂಧ ಇಲ್ಲ ಅಂತ ಹೆಂಗ ಬರದು ಕೊಡ್ಲಿ ಬೇಟಾ? ನನಗ ಬಾಯಿ ಬಿಡೋದ ಅವರು ಕಲಿಸ್ಯಾರ.”

“ಅದು ಕಾಗದದ ಮಾತು ಅಬ್ಬಾ. ಪದ ನೀನ ಕಟ್ಟೀದಿ, ಖರೇ ಹೌದಲ್ಲ?”

“ಕಟ್ಟೇನಿ. ಆದ್ರ…”

“ಆದ್ರ ಗೀದ್ರ ಬ್ಯಾಡ! ಕುಡುಕರು ನಿನ್ನ ದನಿಗೆ ಕುಣ್ಯಾಕತ್ತಾರ, ನೀ ಇಲ್ಲಿ ಮರ್ಯಾದಿ ಹಿಡಕೊಂಡು ಕುಂತೀದಿ!”

ನನ್ನ ಕೂಗು ಓಣಿಗೆಲ್ಲ ಕೇಳಿತು. ಕಂಪನಿಯವರು ಕೈಗೆ ಸಿಗುವವರಲ್ಲ, ಸಿಕ್ಕವನು ಅಬ್ಬ. ಅವನು ಎದ್ದು ಹೋಗಿ ಕೈ ತೊಳೆದು ಬಂದು, ಅಕ್ಷರ ಅಕ್ಷರವಾಗಿ ಸಹಿ ಮಾಡಿದ.

ತಿಂಗಳೊಳಗೆ ಹಾಡು ವಾಪಸ್ ಬಂತು, ಐದೂ ನುಡಿ ಸಮೇತ. ಓಣಿಗೆಲ್ಲ ಪೇಢೆ ಹಂಚಿದೆ. ಕಂಪನಿಯವರಿಂದ ಒಂದು ಕ್ಷಮೆಯ ಮಾತಿಲ್ಲ. ‘ಜಾನಪದ’ ಅಳಿಸಿ ಆ ಜಾಗದಲ್ಲಿ ಅಬ್ಬನ ಹೆಸರು ಬರೆದರು, ಅಷ್ಟೇ. ಅವರ ಡಬಡಬ ಇನ್ನೂ ಇದೆ, ನಾಲ್ಕೇ ನುಡಿ. ಬದಲಿಸಬಹುದು ಅನ್ನುವುದಕ್ಕೆ ಟಿಕ್ ಹಾಕಿದವಳು ನಾನೇ, ಕೇಳುವ ಹಾಗೂ ಇಲ್ಲ.

ಈ ಸಲ ಮೊಹರಂ ದಿನಗಳಲ್ಲಿ ಚಿಂಬಲ್‌ನ ಮೇಳದವರು ನಮ್ಮ ಬಾಗಿಲ ಮುಂದೆಯೇ ಸೇರಿದರು. ದನಿ ಇದ್ದಷ್ಟರಲ್ಲಿ ಅಬ್ಬ ಎರಡು ಹಳೆಯ ಪದ ಹಾಡಿದ. ನೀರಿನ ಪದ ಆಗಲಿ ಎಂದು ಎಲ್ಲರೂ ಕೇಳಿದಾಗ ಎದ್ದು ಗೋಡೆಯ ಪಕ್ಕ ಹೋಗಿ ಕುಳಿತ. ನಾನು ಹತ್ತಿರ ಹೋದೆ.

“ಅಬ್ಬಾ, ಮಂದಿ ಕೇಳಾಕತ್ತೈತಿ. ಈಗರ ಹಾಡು, ನಿನ್ನ ಪದ ನಿನಗ ಸಿಕ್ಕೈತಲ್ಲ?”

ಅವನು ನನ್ನ ಕಡೆ ನೋಡಲಿಲ್ಲ.

“ನಾಕ ನುಡಿ ಹಾಡಬಹುದು ಬೇಟಾ. ಐದನೇದ್ದು ಬಂದಾಗ ಏನ ಮಾಡ್ಲಿ? ಅವರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನ ಸಹಿ ಮಾಡಿ ಕೊಟ್ಟೇನಿ.”